ತಂಡ ಗುಳೆ ಹೋದ ಊರಿನಲ್ಲಿ

ನಮ್ಮ ಕಾವೇರಿ ಕನ್ನಡ ಸಂಘ ಹುಟ್ಟಿದ್ದು 1972ರಲ್ಲಿ. ಅದಕ್ಕೆ ಸ್ವಲ್ಪವೇ ಮೊದಲು, 1971ರ ಸೆಪ್ಟೆಂಬರ್ 30ರ ರಾತ್ರಿ, ಇದೇ ವಾಷಿಂಗ್ಟನ್ ನಗರ ತನ್ನ ಬೇಸ್‌ಬಾಲ್ ತಂಡವನ್ನು ಕಳೆದುಕೊಂಡಿತ್ತು. ಇವೆರಡಕ್ಕೂ ಎಲ್ಲಿಯ ನಂಟು ಎಂದು ಓದುಗರು ಹುಬ್ಬೇರಿಸಿದರೆ ತಪ್ಪೇನಿಲ್ಲ. ನಂಟು ಇಷ್ಟೇ: ಊರು ಬಿಟ್ಟು ಬಂದ ನಾವು ಇಲ್ಲಿ ಕೂಟ ಕಟ್ಟಿಕೊಳ್ಳುತ್ತಿದ್ದಾಗ, ಈ ಊರಿನವರು ಊರು ಬಿಟ್ಟುಹೋದ ತಂಡಕ್ಕಾಗಿ ಕೊರಗುತ್ತಿದ್ದರು. ಕಚೇರಿಯಲ್ಲಿ ಯಾರಾದರೂ "ನಿಮ್ಮ ತಂಡ ಯಾವುದು?" ಎಂದು ಕೇಳಿದರೆ ಉತ್ತರವಿಲ್ಲದೆ ನಿಲ್ಲುವ ವಿಷಯದಲ್ಲಿ ಅವರೂ ನಾವೂ ಸರಿಸಮಾನರಾಗಿದ್ದೆವು!

ಆ ಕೊನೆಯ ಆಟದ ಕಥೆಯನ್ನು ಇಲ್ಲಿನ ಹಿರಿಯರ ಬಾಯಿಂದ ನಾವು ಎಷ್ಟು ಸಲ ಕೇಳಿದ್ದೇವೋ ಲೆಕ್ಕವಿಲ್ಲ. ಆರ್‌ಎಫ್‌ಕೆ ಕ್ರೀಡಾಂಗಣದಲ್ಲಿ ವಾಷಿಂಗ್ಟನ್ ಸೆನೆಟರ್ಸ್ ತಂಡಕ್ಕೆ ನ್ಯೂಯಾರ್ಕಿನ ಯಾಂಕೀಸ್ ಎದುರಾಳಿ. ಒಂಬತ್ತನೆಯ ಇನ್ನಿಂಗ್ಸ್, ಸೆನೆಟರ್ಸ್ 7-5ರಿಂದ ಮುಂದಿದೆ, ಇಬ್ಬರು ಔಟಾಗಿದ್ದಾರೆ, ಇನ್ನೊಬ್ಬ ಔಟಾದರೆ ಆಟ ಮುಗಿಯಿತು. ಅಷ್ಟರಲ್ಲಿ ಜನ ಬೇಲಿ ಹಾರಿ ಮೈದಾನಕ್ಕೆ ನುಗ್ಗಿದರು. ನೆನಪಿಗೆಂದು ಬೇಸುಗಳನ್ನು ಕಿತ್ತರು, ಹುಲ್ಲನ್ನೂ ಕಿತ್ತರು. ಆಟ ಮುಂದುವರಿಯಲಿಲ್ಲ. ನಿಯಮದಂತೆ ಯಾಂಕೀಸ್ 9-0ರಿಂದ ಗೆದ್ದಿತೆಂದು ಸಾರಲಾಯಿತು. ಗೆಲ್ಲುತ್ತಿದ್ದ ತಂಡವನ್ನು ಅದರ ಅಭಿಮಾನಿಗಳೇ ಸೋಲಿಸಿದರು. ಚೆಂಡೆಸೆಯುತ್ತಿದ್ದ ಜೋ ಗ್ರೆಂಡಾ ಕೈಯಲ್ಲಿದ್ದ ಚೆಂಡನ್ನು ಹಾಗೇ ಮನೆಗೆ ಒಯ್ದರು. ತಂಡ ಟೆಕ್ಸಾಸಿಗೆ ಹೋಗಿ 'ರೇಂಜರ್ಸ್' ಆಯಿತು.

ಇದು ಎರಡನೆಯ ಪೆಟ್ಟು. 1901ರಿಂದ ಇಲ್ಲಿದ್ದ ಮೂಲ ಸೆನೆಟರ್ಸ್ ತಂಡ 1960ರ ಆಟಗಳು ಮುಗಿದೊಡನೆ ಮಿನೆಸೋಟಕ್ಕೆ ಗುಳೆ ಹೋಗಿ 'ಟ್ವಿನ್ಸ್' ಎಂಬ ಹೆಸರು ತಳೆದಿತ್ತು. ವಾಲ್ಟರ್ ಜಾನ್ಸನ್‌ರಂಥ ಮಹಾ ಎಸೆತಗಾರನಿದ್ದ, 1924ರಲ್ಲಿ ವರ್ಲ್ಡ್ ಸೀರೀಸ್ ಗೆದ್ದ ತಂಡ ಅದು. ಅದು ಯಾಕೆ ಹೋಯಿತು? ಲಾಭನಷ್ಟದ ಲೆಕ್ಕವಿತ್ತು, ನಿಜ. ಆದರೆ ಮಾಲೀಕ ಕ್ಯಾಲ್ವಿನ್ ಗ್ರಿಫಿತ್ 1978ರಲ್ಲಿ ಮಿನೆಸೋಟದ ಒಂದು ಕ್ಲಬ್ಬಿನ ಸಭೆಯಲ್ಲಿ, ಅಲ್ಲಿ ಕಪ್ಪು ಜನ ಕಡಿಮೆ ಇದ್ದಾರೆಂದು ತಿಳಿದೇ ತಂಡವನ್ನು ತಂದೆನೆಂದು ಬಾಯಿಬಿಟ್ಟರು. ವಾಷಿಂಗ್ಟನ್ ಆಗಲೇ ಕಪ್ಪು ಜನರೇ ಹೆಚ್ಚಾಗಿದ್ದ ನಗರ. 1965ರ ವಲಸೆ ಕಾನೂನಿನಿಂದ ಬಾಗಿಲು ತೆರೆದ ಮೇಲೆ ಇಲ್ಲಿಗೆ ಬಂದ ನಾವು ಆ ಮಾತನ್ನು ಸುಮ್ಮನೆ ಓದಿ ಮುಂದೆ ಹೋಗುವಂತಿಲ್ಲ.

ತಂಡವೊಂದು ಊರು ಬಿಟ್ಟು ಹೋಗಬಲ್ಲದೆಂಬುದೇ ನಮಗೆ ಹೊಸದು. ನಮ್ಮ ಕಡೆ ರಣಜಿ ತಂಡ ನಾಡಿನ ಸೊತ್ತು, ಯಾರ ಜೇಬಿನದೂ ಅಲ್ಲ. ಮೈಸೂರು ರಾಜ್ಯಕ್ಕೆ 1973ರ ನವೆಂಬರ್ 1ರಂದು ಕರ್ನಾಟಕವೆಂದು ಹೆಸರಾಯಿತಷ್ಟೆ. ಅದೇ ಸಾಲಿನಲ್ಲಿ ಪ್ರಸನ್ನರ ನಾಯಕತ್ವದ ತಂಡ, ಹದಿನೈದು ವರ್ಷ ಸತತವಾಗಿ ಗೆದ್ದಿದ್ದ ಮುಂಬಯಿಯನ್ನು ಬೆಂಗಳೂರಿನಲ್ಲಿ ತಡೆದು, ಮುಂದೆ ರಣಜಿ ಟ್ರೋಫಿಯನ್ನು ಮೊದಲ ಬಾರಿಗೆ ತಂದಿತು. ಆ ಸುದ್ದಿ ನಮಗೆ ತಲುಪಿದ್ದು ಊರಿನಿಂದ ಬಂದ ನೀಲಿ ಏರೋಗ್ರಾಮ್ ಪತ್ರದ ಅಂಚಿನಲ್ಲಿ, ಅಡಿಕೆ ಬೆಲೆಯ ವಿಚಾರದ ಕೆಳಗೆ!

ಅದೇ ವಸಂತದಲ್ಲಿ, 1974ರ ಏಪ್ರಿಲ್ 8ರಂದು, ಅಟ್ಲಾಂಟಾದಲ್ಲಿ ಹ್ಯಾಂಕ್ ಆರನ್ ತಮ್ಮ 715ನೆಯ ಹೋಮ್ ರನ್ ಹೊಡೆದು ಬೇಬ್ ರೂತ್‌ರ ದಾಖಲೆ ಮುರಿದರು. ಕಪ್ಪು ಮನುಷ್ಯನೊಬ್ಬ ಆ ದಾಖಲೆ ಮುಟ್ಟುವುದು ಸಹಿಸದವರಿಂದ ಬೆದರಿಕೆ ಪತ್ರಗಳು ರಾಶಿರಾಶಿ ಬಂದಿದ್ದವು. ಆರನ್ ಆಡುತ್ತಿದ್ದ ಬ್ರೇವ್ಸ್ ತಂಡವೂ ವಲಸೆಗಾರನೇ: ಬಾಸ್ಟನ್ ತವರು, 1953ರಲ್ಲಿ ಮಿಲ್ವಾಕಿ, 1966ರಲ್ಲಿ ಅಟ್ಲಾಂಟಾ. ಆದರೆ ಎರಡು ಸಲ ಮನೆ ಬದಲಿಸಿದರೂ ಹೆಸರು ಬದಲಿಸಲಿಲ್ಲ. ಸೆನೆಟರ್ಸ್ ಹೋದಲ್ಲೆಲ್ಲ ಹೊಸ ಹೆಸರಿಟ್ಟುಕೊಂಡಿತು. ನಮ್ಮಲ್ಲೂ ಕೃಷ್ಣಮೂರ್ತಿಯಾಗಿಯೇ ಉಳಿದವರುಂಟು, ಆರೇ ತಿಂಗಳಲ್ಲಿ 'ಕ್ರಿಸ್' ಆದವರೂ ಉಂಟು. ಯಾರನ್ನೂ ಆಕ್ಷೇಪಿಸುತ್ತಿಲ್ಲ, ಸುಮ್ಮನೆ ಹೇಳಿದೆವು.

ಇನ್ನು ಕೆರೋಲಿನಾಗಳಲ್ಲಿ ನೆಲೆಸಿದ ನಮ್ಮ ಬಂಧುಮಿತ್ರರ ಕಥೆಯೇ ಬೇರೆ. ಆ ಎರಡು ರಾಜ್ಯಗಳಿಗೆ ಸ್ವಂತ ಮೇಜರ್ ಲೀಗ್ ತಂಡವೇ ಬರಲಿಲ್ಲ. ಡರ್ಹಮ್ ಬುಲ್ಸ್‌ನಂಥ ಕಿರಿಯ ತಂಡಗಳಿವೆ, ಬೇಸಿಗೆಯ ಸಂಜೆಗೆ ಸೊಗಸು. ಆದರೆ 1976ರಲ್ಲಿ ಬ್ರೇವ್ಸ್ ತಂಡವನ್ನು ಕೊಂಡ ಟೆಡ್ ಟರ್ನರ್, ಅದೇ ವರ್ಷದ ಕೊನೆಗೆ ತಮ್ಮ ಟಿವಿ ಚಾನೆಲ್ಲನ್ನು ಉಪಗ್ರಹಕ್ಕೇರಿಸಿದ ಮೇಲೆ, ಷಾರ್ಲೆಟ್ಟಿನಲ್ಲಿ ಕೂತವರಿಗೂ ಅಟ್ಲಾಂಟಾ ಪಡಸಾಲೆಗೇ ಬಂತು. ತಂಡ ಸೋಲುತ್ತಿದ್ದರೂ ಜನ ನೋಡಿದರು. 1990ರಲ್ಲಿ ಕಟ್ಟಕಡೆಯ ಸ್ಥಾನದಲ್ಲಿದ್ದ ಬ್ರೇವ್ಸ್ 1991ರಲ್ಲಿ ವರ್ಲ್ಡ್ ಸೀರೀಸ್‌ಗೇ ಏರಿದಾಗ ಅಟ್ಲಾಂಟಾದ ಗೆಳೆಯರೊಂದಿಗೆ ದೂರವಾಣಿಯಲ್ಲಿ ನಾವೂ ಕೂಗಾಡಿದೆವು. ಏಳನೆಯ ಆಟ, ಹತ್ತನೆಯ ಇನ್ನಿಂಗ್ಸ್, 1-0. ಸೋಲಿಸಿದವರು ಯಾರು? ಮಿನೆಸೋಟ ಟ್ವಿನ್ಸ್, ಅಂದರೆ ನಮ್ಮ ಊರು ಬಿಟ್ಟುಹೋದ ಅದೇ ಹಳೆಯ ಸೆನೆಟರ್ಸ್! ಬ್ರೇವ್ಸ್‌ಗೆ ಅಟ್ಲಾಂಟಾದಲ್ಲಿ ಮೊದಲ ಕಿರೀಟ ದಕ್ಕಿದ್ದು 1995ರಲ್ಲಿ.

ವಾಷಿಂಗ್ಟನ್ನಿನಲ್ಲಿ ಬೆಳೆದ ನಮ್ಮ ಮಕ್ಕಳು ಮಾತ್ರ ತಂಡವಿಲ್ಲದ ಊರಿನ ಮಕ್ಕಳು. ಪಕ್ಕದ ಬಾಲ್ಟಿಮೋರಿನ ಓರಿಯೋಲ್ಸ್ ಅವರಿಗೆ ಸಾಕುತಾಯಿಯಾಯಿತು. 1995ರ ಸೆಪ್ಟೆಂಬರ್ 6ರಂದು ಕ್ಯಾಲ್ ರಿಪ್ಕೆನ್ ಒಂದೂ ಆಟ ತಪ್ಪಿಸದೆ ಸತತ 2,131ನೆಯ ಆಟಕ್ಕಿಳಿದಾಗ ಜನ ಇಪ್ಪತ್ತೆರಡು ನಿಮಿಷ ಚಪ್ಪಾಳೆ ತಟ್ಟಿದರು. ರಜೆ ಹಾಕದೆ ದುಡಿದ ಮನುಷ್ಯನಿಗೆ ಅಷ್ಟು ಗೌರವ ಸಂದುದನ್ನು ಟಿವಿಯಲ್ಲಿ ಕಂಡು ನಮ್ಮಂಥ ಸಂಬಳಗಾರರ ಕಣ್ಣೂ ಒದ್ದೆಯಾಯಿತು.

ಮೂವತ್ತಮೂರು ಬೇಸಿಗೆಗಳು ಹೀಗೆ ಕಳೆದವು. ಕೊನೆಗೆ ಕೆನಡಾದ ಮಾಂಟ್ರಿಯಲ್ ನಗರ ಕಳೆದುಕೊಂಡ ತಂಡವೇ 2005ರಲ್ಲಿ 'ನ್ಯಾಷನಲ್ಸ್' ಆಗಿ ನಮಗೆ ಬಂತು. ಒಬ್ಬರ ದುಃಖ ಇನ್ನೊಬ್ಬರ ಹಬ್ಬ. ಏಪ್ರಿಲ್ 14ರಂದು, ಅದೇ ಆರ್‌ಎಫ್‌ಕೆ ಕ್ರೀಡಾಂಗಣದಲ್ಲಿ, ಜೋ ಗ್ರೆಂಡಾ 1971ರಿಂದ ಜೋಪಾನ ಮಾಡಿದ್ದ ಅದೇ ಚೆಂಡನ್ನು ಅಧ್ಯಕ್ಷ ಬುಷ್ ಮೊದಲ ಎಸೆತವಾಗಿ ಎಸೆದರು. ಆ ಬುಷ್ ಒಂದು ಕಾಲಕ್ಕೆ ಟೆಕ್ಸಾಸ್ ರೇಂಜರ್ಸ್ ತಂಡದ ಪಾಲುದಾರರಾಗಿದ್ದವರು ಎಂಬುದನ್ನು ಯಾರೂ ಮರೆತಿರಲಿಲ್ಲ.

2019ರಲ್ಲಿ ಮೊದಲ ಐವತ್ತು ಆಟಗಳಲ್ಲಿ 31 ಸೋತ ಆ ತಂಡ, ಅಕ್ಟೋಬರ್ 30ರಂದು ಹ್ಯೂಸ್ಟನ್ನಿನಲ್ಲಿ ಏಳನೆಯ ಆಟ ಗೆದ್ದು ವರ್ಲ್ಡ್ ಸೀರೀಸ್ ತಂದಿತು. ವಾಷಿಂಗ್ಟನ್ನಿಗೆ 1924ರ ನಂತರ ಅದೇ ಮೊದಲು. ನಡುರಾತ್ರಿ ಮೊಮ್ಮಗಳು ಫೋನಿನಲ್ಲಿ ಕಿರುಚಿದಳು. ಅವಳ ತಂದೆ, ಅಂದರೆ ನಮ್ಮ ಮಗ, ಹಿಂದಿನಿಂದ "ಒಳ್ಳೆಯದಾಯಿತು" ಎಂದಷ್ಟೇ ಹೇಳಿ ಸುಮ್ಮನಾದ. ಊರಿಗೇ ತಂಡ ಬಂದರೂ ಅವನು ಓರಿಯೋಲ್ಸ್ ಬಿಟ್ಟಿಲ್ಲ. ಓರಿಯೋಲ್ಸ್ ಕೊನೆಯ ಬಾರಿ ಗೆದ್ದದ್ದು 1983ರಲ್ಲಿ, ಅವನು ಆರನೆಯ ತರಗತಿಯಲ್ಲಿದ್ದಾಗ. ಬೇಸಿಗೆಯಲ್ಲಿ ಎರಡೂ ತಂಡಗಳು ಎದುರಾದ ದಿನ ನಮ್ಮ ಮನೆಯ ಊಟದ ಮೇಜಿನ ಒಂದು ತುದಿಯಲ್ಲಿ ಕೆಂಪು ಟೋಪಿ, ಇನ್ನೊಂದು ತುದಿಯಲ್ಲಿ ಬಣ್ಣಗೆಟ್ಟ ಕಿತ್ತಳೆ ಟೋಪಿ. ಬಿಸಿಬೇಳೆಭಾತನ್ನು ನಾವು ಎರಡೂ ಕಡೆಗೆ ಸಮನಾಗಿ ಬಡಿಸುತ್ತೇವೆ.