ಚಳಿ ಕಾಣದ ಊರಿನಲ್ಲಿ ರಾಸ್ಪ್‌ಬೆರಿ

1884ರ ಜನವರಿ 13ರಂದು ಬೆಂಗಳೂರಿನ ಉಷ್ಣಾಂಶ 7.8 ಡಿಗ್ರಿಗೆ ಇಳಿದಿತ್ತು. ಅದಕ್ಕಿಂತ ಹೆಚ್ಚಿನ ಚಳಿ ಈ ಊರಿನ ದಾಖಲೆಯಲ್ಲೇ ಇಲ್ಲ. ಯುರೋಪಿನ ಕೆಂಪು ರಾಸ್ಪ್‌ಬೆರಿಯ ಹಳೆಯ ತಳಿಗಳಿಗೋ, ಚಳಿಗಾಲವೊಂದರಲ್ಲಿ ಸುಮಾರು 7 ಡಿಗ್ರಿಗಿಂತ ಕೆಳಗಿನ ತಂಪು 800 ಗಂಟೆಯಾದರೂ ಸಿಗಬೇಕು. ಕೆಲವಕ್ಕೆ ಅದರ ಎರಡರಷ್ಟು. ಲೆಕ್ಕ ಇಲ್ಲಿಗೇ ಮುಗಿಯಬೇಕಿತ್ತು. ಆದರೂ ವಿಶ್ವೇಶ್ವರಪುರಂನಂಥ ಹಳೆಯ ಬಡಾವಣೆಯ ತಾರಸಿಗಳಲ್ಲಿ ಕುಂಡ, ಗ್ರೋ ಬ್ಯಾಗ್ ಜೋಡಿಸಿಕೊಂಡವರಿಗೆ ಈ ಹಣ್ಣಿನ ಆಸೆ ಬಿಟ್ಟಿಲ್ಲ. ನಮ್ಮಲ್ಲಿ ಬಹಳ ಮಂದಿಗೆ ರಾಸ್ಪ್‌ಬೆರಿ ಎಂದರೆ ಜೆಲ್ಲಿ ಪೊಟ್ಟಣದ ಕೆಂಪು ಬಣ್ಣ ಅಷ್ಟೆ. ನಿಜವಾದ ಹಣ್ಣು ಅಂಗಡಿಗೆ ಬರುವುದು ಅಪರೂಪ, ಬಂದರೂ ದುಬಾರಿ. ಕಿತ್ತ ಮರುದಿನಕ್ಕೇ ಮೆತ್ತಗಾಗುವ ಹಣ್ಣನ್ನು ತಿನ್ನಬೇಕಾದರೆ ಮನೆಯಲ್ಲೇ ಬೆಳೆಯುವುದು ವಾಸಿ ಎಂಬುದರಲ್ಲಿ ತಕರಾರಿಲ್ಲ.

ಚಳಿ ಯಾಕೆ ಬೇಕು ಎಂಬುದು ಗಿಡದ ಸ್ವಭಾವದಲ್ಲಿದೆ. ರಾಸ್ಪ್‌ಬೆರಿಯ ಬೇರು ವರ್ಷಗಟ್ಟಲೆ ಬದುಕುತ್ತದೆ, ಕಡ್ಡಿಗಳ ಆಯುಷ್ಯ ಎರಡೇ ವರ್ಷ. ಮೊದಲ ವರ್ಷ ಬುಡದಿಂದೆದ್ದು ಬೆಳೆಯುತ್ತವೆ, ಚಳಿಗಾಲದಲ್ಲಿ ಮಲಗುತ್ತವೆ, ಎರಡನೇ ವರ್ಷ ಹೂವು ಹಣ್ಣು ಬಿಟ್ಟು ಒಣಗುತ್ತವೆ. ನಡುವಿನ ನಿದ್ದೆ ತಪ್ಪಿದರೆ ಮೊಗ್ಗು ಸರಿಯಾಗಿ ಒಡೆಯುವುದಿಲ್ಲ. ಬೆಂಗಳೂರಿನಲ್ಲಿ ಹಳೆಯ ತಳಿ ನೆಟ್ಟವರಿಗೆ ಸಿಗುವುದು ಎಲೆ ಮಾತ್ರ.

ತಳಿವಿಜ್ಞಾನಿಗಳು ಈ ಗಂಟನ್ನು ಬಿಡಿಸಲು ಹೊರಟಿದ್ದು ನಮಗಾಗಿ ಅಲ್ಲ, ಅವರಿಗೆ ಬೇಕಿದ್ದುದು ಶರತ್ಕಾಲದ ಫಸಲು. ಮೊದಲ ವರ್ಷದ ಕಡ್ಡಿಯ ತುದಿಯಲ್ಲೇ ಹೂ ಬಿಡುವ ಗುಣ ಕೆಲವು ಗಿಡಗಳಲ್ಲಿ ಮೊದಲಿನಿಂದಲೂ ಇತ್ತು. ಇಂಗ್ಲೆಂಡಿನ ಡಾರ್ಸೆಟ್‌ನ ಕಾಡಿನಲ್ಲಿ ಸಿಕ್ಕಿ 1919ರಲ್ಲಿ ಹೊರಬಂದ ‘ಲಾಯ್ಡ್ ಜಾರ್ಜ್’ ತಳಿಯಲ್ಲೂ ಅದಿತ್ತು. ಆಮೇಲಿನ ಎಷ್ಟೋ ತಳಿಗಳ ವಂಶವೃಕ್ಷದಲ್ಲಿ ಈ ಹೆಸರು ಸಿಗುತ್ತದೆ. ನ್ಯೂಯಾರ್ಕ್ ರಾಜ್ಯದ ಜಿನೀವಾ ಸಂಶೋಧನಾ ಕೇಂದ್ರ 1969ರಲ್ಲಿ ಬಿಡುಗಡೆ ಮಾಡಿದ ‘ಹೆರಿಟೇಜ್’ ಈ ಗುಣವನ್ನು ಜಗತ್ತಿಗೆಲ್ಲ ಹರಡಿತು. 1980ರ ದಶಕದಲ್ಲಿ ಇಂಗ್ಲೆಂಡಿನ ಈಸ್ಟ್ ಮಾಲಿಂಗ್ ಕೇಂದ್ರದಿಂದ ‘ಆಟಮ್ ಬ್ಲಿಸ್’ ಬಂತು. ಹೂವಿಗೆ ಮುನ್ನ ಚಳಿಗಾಲ ಕಳೆಯಲೇಬೇಕೆಂಬ ನಿಯಮ ಅಲ್ಲಿಗೆ ಸಡಿಲವಾಯಿತು. ಅಮೆರಿಕದ ಮಿಸಿಸಿಪಿಯಲ್ಲಿ 1970ರ ದಶಕದಲ್ಲಿ ಹೊರಬಂದ ‘ಡಾರ್ಮನ್‌ರೆಡ್’ ಬೇರೆ ದಾರಿ ಹಿಡಿಯಿತು. ಏಷ್ಯಾದ ಕಾಡುಜಾತಿಯ ರಕ್ತ ಬೆರೆಸಿ ಸೆಕೆ ತಾಳುವಂತೆ ಮಾಡಿದ ತಳಿ ಅದು; ರುಚಿ ಮಾತ್ರ ಸಪ್ಪೆ ಎಂದು ಬೆಳೆದವರೇ ದೂರುತ್ತಾರೆ.

ಚಳಿ ಕೇಳುವ ಗಿಡವನ್ನು ಪಳಗಿಸುವ ಪಾಠ ಬೆಂಗಳೂರಿಗೆ ಹೊಸದಲ್ಲ. ಕಳೆದ ಶತಮಾನದ ನಡುಭಾಗದಲ್ಲಿ ಊರಿನ ಸುತ್ತ ‘ರೋಮ್ ಬ್ಯೂಟಿ’ ಸೇಬಿನ ತೋಟಗಳಿದ್ದವು. ನೀರು ನಿಲ್ಲಿಸಿ, ಎಲೆ ಉದುರಿಸಿ ಮರಕ್ಕೆ ಬಲವಂತದ ವಿಶ್ರಾಂತಿ ಕೊಡುತ್ತಿದ್ದರು. ದ್ರಾಕ್ಷಿಯನ್ನು ವರ್ಷಕ್ಕೆರಡು ಸಲ ಸವರುವುದರ ಹಿಂದೆಯೂ ಇದೇ ಜಾಣತನವಿದೆ. ಹೆರಿಟೇಜ್ ಗಿಡಕ್ಕೂ ಈ ಉಪಾಯ ಒಂದಿಷ್ಟು ದೂರ ನಡೆಯುತ್ತದೆ: ಹಣ್ಣು ಮುಗಿದ ಕೂಡಲೇ ಕಡ್ಡಿಗಳನ್ನೆಲ್ಲ ಬುಡಕ್ಕೆ ಕತ್ತರಿಸಿದರೆ ಹೊಸ ಚಿಗುರು ಏಳುತ್ತದೆ. ಆದರೆ ಚಳಿಯೇ ತಾಗದ ಬೇರಿನಿಂದ ಬರುವ ಚಿಗುರು ವರ್ಷ ವರ್ಷಕ್ಕೂ ಸೊರಗುತ್ತದೆ. ಏಪ್ರಿಲ್‌ನಲ್ಲಿ ಕಾದ ತಾರಸಿಯ ಝಳಕ್ಕೆ ಇದ್ದ ಹಣ್ಣೂ ಬಾಡುತ್ತದೆ. ಬೆಂಗಳೂರಿನ ಕುಂಡದ ಕೆಂಪು ರಾಸ್ಪ್‌ಬೆರಿ ಹವ್ಯಾಸಕ್ಕೆ ಸರಿ, ಬಟ್ಟಲು ತುಂಬ ಹಣ್ಣು ಬೇಕೆನ್ನುವವರಿಗಲ್ಲ ಎಂದೇ ನನ್ನ ಅಭಿಪ್ರಾಯ.

ಬಟ್ಟಲು ತುಂಬಿಸುವ ಗಿಡ ನಮ್ಮದೇ ಘಟ್ಟದಲ್ಲಿದೆ. 1799ರಲ್ಲಿ ಟಿಪ್ಪು ಪತನವಾದ ಮೇಲೆ ಲಾಲ್‌ಬಾಗ್ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿ, ಬೆಂಜಮಿನ್ ಹೈನೆ ಎಂಬ ಜರ್ಮನ್ ಮೂಲದ ವೈದ್ಯ-ಸಸ್ಯಶಾಸ್ತ್ರಜ್ಞನ ಉಸ್ತುವಾರಿಗೆ ಬಂತು. ಇಂದು ವಿಶ್ವೇಶ್ವರಪುರಂನವರು ಬೆಳಗಿನ ವಾಕಿಂಗ್‌ಗೆ ಹೋಗುವ ಅದೇ ಲಾಲ್‌ಬಾಗ್. ಹೈನೆ ದಕ್ಷಿಣ ಭಾರತದಲ್ಲಿ ಕಲೆಹಾಕಿದ ಗಿಡಗಳನ್ನು ಜರ್ಮನಿಯ ಸಸ್ಯಶಾಸ್ತ್ರಜ್ಞ ರೋಟ್ 1821ರಲ್ಲಿ ಪುಸ್ತಕವಾಗಿ ಪ್ರಕಟಿಸಿದ. ಹಳೆಯ ಸಸ್ಯಪಟ್ಟಿಗಳಲ್ಲಿ ಹೈನೆಯ ಹೆಸರಿನೊಂದಿಗೆ ‘ರೂಬಸ್ ಮೈಸೊರೆನ್ಸಿಸ್’ ಎಂಬ ಕಾಡು ರಾಸ್ಪ್‌ಬೆರಿ ಸಿಗುತ್ತದೆ. ಅದಕ್ಕೂ ಮೊದಲೇ ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಥುನ್‌ಬರ್ಗ್ ಕೊಟ್ಟ ‘ರೂಬಸ್ ನೀವಿಯಸ್’ ಎಂಬ ಹೆಸರು ಈಗ ಅಧಿಕೃತ. ತೋಟಗಾರರ ಬಾಯಲ್ಲಿ ಮಾತ್ರ ಇದು ಇವತ್ತಿಗೂ ‘ಮೈಸೂರು ರಾಸ್ಪ್‌ಬೆರಿ’ಯೇ. ಚಳಿಯ ಹಂಗಿಲ್ಲದ ಗಿಡವೆಂದು ಕಳೆದ ಶತಮಾನದಲ್ಲಿ ಫ್ಲೋರಿಡಾದ ಮನೆತೋಟಗಳವರು ಇದನ್ನು ತರಿಸಿಕೊಂಡರು. ನಾವು ಮಾತ್ರ ವಿದೇಶಿ ಸಸಿಗಳ ಹಿಂದೆ ಬಿದ್ದೆವು.

ಬೆಂಗಳೂರಿನ ತಾರಸಿ ತೋಟಕ್ಕೆ ಚಳವಳಿಯ ರೂಪ ಕೊಟ್ಟವರಲ್ಲಿ ಕೃಷಿ ವಿಜ್ಞಾನಿ ಡಾ. ಬಿ.ಎನ್. ವಿಶ್ವನಾಥ್ ಪ್ರಮುಖರು. ‘ಊಟ ಫ್ರಮ್ ಯುವರ್ ತೋಟ’ ಮೇಳಗಳಲ್ಲಿ ಬೀಜ, ಸಸಿ, ಎರೆಗೊಬ್ಬರ ಕೈಬದಲಾದವು. ಸೊಪ್ಪು, ಟೊಮ್ಯಾಟೊ ಕೈಹಿಡಿದ ಮೇಲೆ ಜನ ಹಣ್ಣಿನ ಕಡೆ ತಿರುಗಿದರು: ಅಂಜೂರ, ಹಿಪ್ಪುನೇರಳೆ, ಡ್ರ್ಯಾಗನ್ ಫ್ರೂಟ್. ಮೈಸೂರು ರಾಸ್ಪ್‌ಬೆರಿ ಈ ಸಾಲಿಗೆ ಧಾರಾಳವಾಗಿ ಸೇರಬಲ್ಲದು.

ಗುರುತು ಸುಲಭ. ಕಡ್ಡಿಯ ಮೇಲೆ ವಿಭೂತಿ ಬಳಿದಂಥ ಬಿಳಿ ಪುಡಿ, ಎಲೆ ಮಗುಚಿದರೆ ಅಲ್ಲೂ ಬಿಳುಪು, ಮೈಯೆಲ್ಲ ಕೊಕ್ಕೆಮುಳ್ಳು. ಕಾಯಿ ಮೊದಲು ಕೆಂಪಾಗುತ್ತದೆ, ಆಗ ಕಿತ್ತರೆ ಹುಳಿ. ಕಡುನೇರಳೆಗೆ ತಿರುಗಿದ ಹಣ್ಣನ್ನು ಎರಡು ಬೆರಳಲ್ಲಿ ಮೆಲ್ಲಗೆ ಎಳೆದರೆ ಬಿಳಿ ದಿಂಡನ್ನು ಗಿಡದಲ್ಲೇ ಬಿಟ್ಟು ಟೊಳ್ಳಾಗಿ ಕಳಚಿಕೊಳ್ಳುತ್ತದೆ. ದಿಂಡೂ ಜೊತೆಗೆ ಬಂದರೆ ಅದು ಬ್ಲ್ಯಾಕ್‌ಬೆರಿ. ನರ್ಸರಿಯಲ್ಲಿ ಎರಡನ್ನೂ ಒಂದೇ ಹೆಸರಲ್ಲಿ ಮಾರುವುದುಂಟು. ಹಿಪ್ಪುನೇರಳೆಯ ಕಡ್ಡಿಗೇ ರಾಸ್ಪ್‌ಬೆರಿ ಚೀಟಿ ಅಂಟಿಸಿದರೂ ಆಶ್ಚರ್ಯವಿಲ್ಲ. ಹಣ್ಣಿರುವ ಗಿಡ ನೋಡಿ ಕೊಳ್ಳುವುದು ಕ್ಷೇಮ.

ಒಂದೂವರೆ ಅಡಿ ಅಗಲದ ಕುಂಡ, ಕೆಂಪುಮಣ್ಣಿಗೆ ಎರೆಗೊಬ್ಬರ ಮತ್ತು ತೆಂಗಿನನಾರಿನ ಪುಡಿ, ಮೇಲೆ ಹಿಡಿ ಬೇವಿನ ಹಿಂಡಿ. ನೀರು ನಿಂತರೆ ಬೇರು ಕೊಳೆಯುತ್ತದೆ. ಬೋರ್‌ವೆಲ್‌ನ ಗಡಸು ನೀರಿಗಿಂತ ಹಿಡಿದಿಟ್ಟ ಮಳೆನೀರು ಒಳ್ಳೆಯದು, ಏಕೆಂದರೆ ಈ ಕುಲಕ್ಕೆ ತುಸು ಹುಳಿಮಣ್ಣೇ ಇಷ್ಟ. ಬಾಗುವ ಕಡ್ಡಿಗಳನ್ನು ಪ್ಯಾರಪೆಟ್ಟಿನ ಗುಂಟ ತಂತಿಗೆ ಕಟ್ಟಬೇಕು, ಬೇಸಿಗೆಯಲ್ಲಿ ಶೇಡ್‌ನೆಟ್ ಬೇಕು. ಹಣ್ಣು ಬಿಟ್ಟು ಮುಗಿದ ಕಡ್ಡಿಯನ್ನು ದಾಕ್ಷಿಣ್ಯವಿಲ್ಲದೆ ಬುಡಕ್ಕೆ ಕತ್ತರಿಸಿ. ಪಿಕಳಾರಗಳ ಕಾಟಕ್ಕೆ ಬಲೆಯೊಂದೇ ಮದ್ದು.

ತುದಿ ಮಣ್ಣು ಮುಟ್ಟಿದಲ್ಲೆಲ್ಲ ಬೇರು ಬಿಡುವುದು ಇದರ ಹುಟ್ಟುಗುಣ. ಸಸಿ ಮಾಡಲು ಅದೇ ಅನುಕೂಲ: ಮಳೆಗಾಲದಲ್ಲಿ ಕಡ್ಡಿಯ ತುದಿಯನ್ನು ಪಕ್ಕದ ಕುಂಡಕ್ಕೆ ಬಗ್ಗಿಸಿ ಹೂತರೆ ಸಾಕು. ಆದರೆ ಇದೇ ಗಿಡವನ್ನು ಬೆಳೆಯಾಗಿ ಒಯ್ದ ಗಲಾಪಗಸ್ ದ್ವೀಪಗಳಲ್ಲಿ ಅದು ಕಾಡನ್ನೇ ನುಂಗುವ ಕಳೆಯಾಗಿ ಕುಳಿತಿದೆ. ಹಾಗಾಗಿ ಕಾಂಪೌಂಡಿನ ನೆಲಕ್ಕಿಂತ ಕುಂಡವೇ ಮೇಲು, ಹೊರಗೆ ಇಳಿಬಿದ್ದ ತುದಿಗಳನ್ನು ಜೂನ್‌ಗೆ ಮುಂಚೆಯೇ ಸವರಿಬಿಡಿ.