ತಿಂಗಳು ತುಂಬದೆ ಬಂದ ಕೂಸಿನ ಲೆಕ್ಕ

ನಮ್ಮ ಹೆಡತಲೇಲಿ ಕೂಸ ಎತ್ಕಂಡು ಬೀದಿಗೆ ಬಂದ್ರೆ ಮೊದ್ಲು ಕೇಳೋ ಮಾತು, "ಎಷ್ಟು ತಿಂಗ್ಳವ್ವ?" ಅಂತ. ಎರಡ್ನೇದು, "ಇನ್ನೂ ನಡೆಯಲ್ವಾ?" ಅಂತ. ದಿನ ತುಂಬಿ ಹುಟ್ಟಿದ ಕೂಸಿನ ತಾಯಿಗೆ ಇದು ಸುಮ್ನೆ ಆಡೋ ಮಾತು. ಬೇಗ ಹುಟ್ಟಿದ ಕೂಸಿನ ತಾಯಿಗೆ ಮಾತ್ರ ದಿನಾ ಬರೆಯೋ ಪರೀಕ್ಷೆ. ಯಾಕಂದ್ರೆ ಆ ಕೂಸಿಗೆ ಎರಡು ವಯಸ್ಸು. ಒಂದು ಹುಟ್ಟಿದ ದಿನದಿಂದ ಎಣಿಸೋದು, ಇನ್ನೊಂದು ಹುಟ್ಟಬೇಕಾಗಿದ್ದ ದಿನದಿಂದ ಎಣಿಸೋದು. ಈ ಎರಡ್ನೇ ಲೆಕ್ಕ ನಮ್ಮ ಕಡೆ ಮನೆಗಳಿಗೆ ಬಂದದ್ದು ಈಚೆಗೆ. ಅದಕ್ಕೆ ಮುಂಚೆ ಇಂಥ ಕೂಸುಗಳ್ನ ಹೆಂಗೆ ಸಾಕೋರು, ಆಮೇಲೆ ಏನೇನು ಬದಲಾಯ್ತು ಅಂತ ವಸಿ ಬರೀತೀನಿ.

ಹೆರಿಗೆ ಮನೇಲೇ ಆಗ್ತಿದ್ದ ಕಾಲದಲ್ಲಿ ಕೂಸ ತೂಗೋ ತಕ್ಕಡಿ ಎಲ್ಲಿತ್ತು? ಸೂಲಗಿತ್ತಿ ಅಂಗೈ ಮೇಲೆ ಮಡಿಕಂಡು "ಹಗುರ ಅದೆ ಕಣವ್ವ" ಅಂದ್ರೆ ಅದೇ ತೂಕ. ಹಳೇ ಮೆತ್ತನೆ ಸೀರೆ ತುಂಡಲ್ಲಿ ಸುತ್ತಿ, ಗಾಳಿ ಆಡದ ಮೂಲೇಲಿ ತಾಯಿ ಮಗ್ಗುಲಿಗೆ ಮಡಗೋರು. ಮೊಲೆ ಚೀಪೋ ಶಕ್ತಿ ಇಲ್ದಿದ್ರೆ ಹಾಲು ಹಿಂಡಿ ಒಳಲೇಲಿ ತೊಟ್ಟುತೊಟ್ಟೇ ಬಿಡೋರು. ಗಾಂಧಾರಿ ಮಕ್ಕಳ್ನ ತುಪ್ಪದ ಕೊಡದಲ್ಲಿ ಮಡಗಿ ಬೆಳೆಸಿದ ಕಥೆ ಕೇಳಿ ಬೆಳೆದೋರಿಗೆ, ತುಂಬದ ಕೂಸಿಗೆ ಬಿಸುಪು ಬೇಕು ಅಂತ ಯಾರೂ ಹೇಳಿಕೊಡಬೇಕಾಗಿರ್ಲಿಲ್ಲ.

ಆ ಒಳಲೆ ಇದೆಯಲ್ಲ, ಅದು ಇವತ್ತು ದೊಡ್ಡ ಆಸ್ಪತ್ರೆಗಳ ಸಣ್ಣಕೂಸಿನ ವಾರ್ಡಿಗೂ ಹೋಗಿದೆ. ತಮಿಳಿನ 'ಪಾಲಾಡೈ' ಅನ್ನೋ ಹೆಸರಲ್ಲಿ ಡಾಕ್ಟರ ಪುಸ್ತಕಕ್ಕೂ ಸೇರಿದೆ. ಬಾಟ್ಲಿಗಿಂತ ತೊಳೆಯೋದು ಸುಲಭ, ನಂಜು ಕಮ್ಮಿ ಅಂತ.

ಹಾಗಂತ ಹಳೇದೆಲ್ಲ ಚಿನ್ನ ಅನ್ನಕ್ಕಾಗಲ್ಲ. ಮೊದಲ ದಿನದ ಹಳದಿ ಹಾಲ ಹಿಂಡಿ ಚೆಲ್ಲೋರು, ಎಳೇ ಶ್ವಾಸಕೋಶಕ್ಕೆ ಸಾಂಬ್ರಾಣಿ ಹೊಗೆ ಹಾಕೋರು, ಮೂಗಿಗೆ ಎಣ್ಣೆ ಬಿಡೋರು. "ಏಳರ ಕೂಸು ಉಳೀತದೆ, ಎಂಟರ ಕೂಸು ಉಳಿಯಲ್ಲ" ಅಂತ ಈಗ್ಲೂ ಅನ್ನೋರಿದ್ದಾರೆ. ಇದು ನಮ್ಮೋರ ನಂಬಿಕೆ ಮಾತ್ರ ಅಲ್ಲ, ಎರಡು ಸಾವಿರ ವರ್ಷಕ್ಕೂ ಹಿಂದೆ ಗ್ರೀಸ್ ದೇಶದ ವೈದ್ಯರೂ ಹಿಂಗೇ ಬರೆದಿಟ್ಟಿದ್ರು. ಎರಡೂ ಕಡೆ ತಪ್ಪು. ಹೊಟ್ಟೇಲಿ ಒಂದೊಂದು ವಾರ ಹೆಚ್ಚು ಇದ್ದಷ್ಟೂ ಕೂಸಿಗೆ ಬಲ ಹೆಚ್ಚು.

ನಮ್ಮ ಸೀಮೇಲಿ ಕೂಸ ತೂಗಿ ಬರೆದಿಟ್ಟೋರಲ್ಲಿ ಹೆಸರಾದದ್ದು ಮೈಸೂರು ಮಂಡಿ ಮೊಹಲ್ಲಾದ ಮಿಷನ್ ಆಸ್ಪತ್ರೆ, ಅಂದ್ರೆ ಹೋಲ್ಡ್ಸ್‌ವರ್ತ್ ಆಸ್ಪತ್ರೆ. 1906ರಲ್ಲಿ ಹೆಂಗಸರು ಮಕ್ಕಳಿಗೇ ಅಂತ ಶುರುವಾದದ್ದು. 1934ರಿಂದ ಅಲ್ಲಿ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆ ಸುತ್ತಳತೆ ಎಲ್ಲಾನೂ ಬರೆದು ಜೋಪಾನ ಮಾಡಿದ್ರು. ತೂಕ ಪೌಂಡಿನ ಲೆಕ್ಕದಲ್ಲಿ. ಬರೆದೋರಿಗೆ ಅದು ದಿನದ ಕೆಲಸ. ಅರವತ್ತು ವರ್ಷ ಆದಮೇಲೆ ಅದೇ ಪುಸ್ತಕ ಹಿಡಿದು, 1934ರಿಂದ 1954ರೊಳಗೆ ಹುಟ್ಟಿ ಆಸ್ಪತ್ರೆ ಸುತ್ತಮುತ್ತ ಇದ್ದ 517 ಜನರ್ನ ಹುಡುಕಿ ಪರೀಕ್ಷೆ ಮಾಡಿದ್ರು. 1996ರಲ್ಲಿ ಅದು ಅಚ್ಚಾಯ್ತು. ಎರಡೂವರೆ ಕೆಜಿ ಇಲ್ಲಾ ಅದಕ್ಕೂ ಕಮ್ಮಿ ತೂಕ ಇದ್ದೋರಲ್ಲಿ ನೂರಕ್ಕೆ 11 ಮಂದಿಗೆ ಹೃದಯದ ಖಾಯಿಲೆ, ಮೂರು ಕೆಜಿ ದಾಟಿ ಹುಟ್ಟಿದೋರಲ್ಲಿ ನೂರಕ್ಕೆ 3. ಸಣ್ಣಗೆ ಹುಟ್ಟಿದೋರೆಲ್ಲ ಬೇಗ ಹುಟ್ಟಿದೋರಲ್ಲ, ಖಾಯಿಲೆ ಬಂದೇ ಬತ್ತದೆ ಅಂತಾನೂ ಅಲ್ಲ. ಹುಟ್ಟಿದಾಗಿನ ತೂಕದ ಮಾತು ತೊಟ್ಟಿಲಿಗೇ ಮುಗಿಯಲ್ಲ, ದೊಡ್ಡೋರಾದ ಮೇಲೂ ಡಾಕ್ಟರಿಗೆ ಹೇಳಬೇಕು ಅನ್ನೋದು ಇದರಿಂದ ಗೊತ್ತಾಯ್ತು. ಲೋಕವೆಲ್ಲ ಓದಿದ ಈ ವಿಷಯ ಎದ್ದದ್ದು ನಂಜನಗೂಡಿಂದ ಇಪ್ಪತ್ತು ಚಿಲ್ಲರೆ ಕಿಲೋಮೀಟರ್ ದೂರದಲ್ಲಿ ಕಣ್ರವ್ವ!

ಇನ್ನು ಗಾಜಿನ ಪೆಟ್ಟಿಗೆ. 1880ರ ಸುಮಾರಿಗೆ ಪ್ಯಾರಿಸಿನ ಟಾರ್ನಿಯೆ ಅನ್ನೋ ಹೆರಿಗೆ ಡಾಕ್ಟರು ಕೋಳಿಮೊಟ್ಟೆಗೆ ಕಾವು ಕೊಡೋ ಪೆಟ್ಟಿಗೆ ನೋಡಿ, ಕೂಸಿಗೂ ಒಂದು ಮಾಡಿಸಿದರಂತೆ. ಬಿಸುಪು ಸಿಕ್ತು, ಉಸಿರಾಟ ಮಾತ್ರ ದಕ್ಕಲಿಲ್ಲ. 1963ರಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿ ಅವರ ಮಗ ಐದೂವರೆ ವಾರ ಮುಂಚೆ ಹುಟ್ದ. ತೂಕ ಎರಡು ಕೆಜಿ ದಾಟಿತ್ತು. ಆದ್ರೂ ಶ್ವಾಸಕೋಶ ಬಲೀದೆ ಎರಡೇ ದಿನಕ್ಕೆ ತೀರಿಹೋದ. ಅಷ್ಟು ದೊಡ್ಡೋರ ಮನೆಗೂ ಆಗ ಔಷಧಿ ಇರ್ಲಿಲ್ಲ. 1980ರಲ್ಲಿ ಜಪಾನಿನ ಫುಜಿವಾರ ಅವರು ಹಸುವಿನ ಶ್ವಾಸಕೋಶದಿಂದ ತೆಗೆದ ಔಷಧಿಯ ಕೂಸುಗಳ ಎದೆಗೂಡಿಗೆ ಬಿಟ್ಟು ಉಳಿಸಿದ್ರು. ಈಗ ಅಂಥಾ ತೂಕದ ಕೂಸು ಹುಟ್ಟಿದ್ರೆ ಸಾಮಾನ್ಯವಾಗಿ ಮನೆಗೆ ಬತ್ತದೆ.

ಯಂತ್ರ ಸಾಲದ ಕಡೆ ಇನ್ನೊಂದು ದಾರಿ ಸಿಕ್ತು. 1978ರಲ್ಲಿ ಕೊಲಂಬಿಯಾ ದೇಶದ ಬೊಗೋಟಾದಲ್ಲಿ ಡಾಕ್ಟರ್ ಎಡ್ಗರ್ ರೇ ಅನ್ನೋರು, ಪೆಟ್ಟಿಗೆ ಕಮ್ಮಿ, ಕೂಸು ಜಾಸ್ತಿ, ನಂಜು ಬೇರೆ ಅಂತ ನೋಡಿ, ಕೂಸ ತಾಯಿ ಎದೆಗೇ ಚರ್ಮಕ್ಕೆ ಚರ್ಮ ತಾಗೋ ಹಂಗೆ ಕಟ್ಟಿಸಿದ್ರು. ಅದೇ ಕಾಂಗರೂ ಆರೈಕೆ. ನಮ್ಮ ಕರ್ನಾಟಕದಲ್ಲೂ ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯೋರು ಕೊಪ್ಪಳ ಜಿಲ್ಲೇಲಿ ಸರ್ಕಾರದ ಜೊತೆ ಸೇರಿ ಇದನ್ನ ಆಸ್ಪತ್ರೆಯಿಂದ ಮನೆವರೆಗೂ ಮಾಡಿಸಿದ್ರು. 2021ರಲ್ಲಿ ನಮ್ಮ ದೇಶವೂ ಸೇರಿ ಐದು ದೇಶದ ಆಸ್ಪತ್ರೆಗಳ ಅಧ್ಯಯನ ಅಚ್ಚಾಯ್ತು. ಹುಟ್ಟಿದ ಕೂಡ್ಲೆ ಎದೆಗಪ್ಪಿಸಿದ್ರೆ, ಕೂಸು ಗಟ್ಟಿಯಾಗ್ಲಿ ಅಂತ ಕಾಯೋದಕ್ಕಿಂತ ಸಾವು ಕಾಲುಭಾಗ ಕಮ್ಮಿ ಅಂತ ಗೊತ್ತಾಯ್ತು. ಅಜ್ಜಿ ಮಾಡಬಹುದು, ಅಪ್ಪನೂ ಮಾಡಬಹುದು. ಗಂಡಸು ಅಂಗಿ ಬಿಚ್ಚಿ ಕೂಸ ಎದೆಗಾಕ್ಕಂಡು ಕೂತ್ರೆ ನಗಾಡಬೇಡಿ ಮತ್ತೆ.

ಕೂಸು ಉಳಿದ ಮೇಲೆ ಕಣ್ಣಿನ ಚಿಂತೆ. ತೀರಾ ಬೇಗ ಹುಟ್ಟಿದೋರ ಕಣ್ಣಿನ ಒಳಪರದೆ ಬಲಿತಿರಲ್ಲ. ಹುಟ್ಟಿದ ಮೊದಲ ತಿಂಗಳೊಳಗೆ ನೋಡಿಸದಿದ್ರೆ ದೃಷ್ಟಿ ಹೋಗೋ ಭಯ. ಬೆಂಗಳೂರಿನ ನಾರಾಯಣ ನೇತ್ರಾಲಯದೋರು 2008ರಿಂದ ಕಿಡ್ರಾಪ್ ಅನ್ನೋ ಹೆಸರಲ್ಲಿ ಕ್ಯಾಮರಾ ಹೊತ್ಕಂಡು ಜಿಲ್ಲೆ ಆಸ್ಪತ್ರೆಗಳಿಗೆ ಹೋಗಿ, ಕೂಸಿನ ಕಣ್ಣಿನ ಚಿತ್ರ ತೆಗೆದು ದೂರದಲ್ಲಿರೋ ಡಾಕ್ಟರಿಗೆ ಕಳಿಸೋ ಏರ್ಪಾಟು ಮಾಡಿದ್ರು. ನಿಮ್ಮ ಕಡೆ ಯಾರಾದ್ರೂ ಬೇಗ ಹೆತ್ತಿದ್ರೆ ಬಾಣಂತನದ ಮಾತಿಗಿಂತ ಮುಂಚೆ "ಕಣ್ಣು ತೋರಿಸಿದ್ರಾ?" ಅಂತ ಕೇಳಿ.

ಆಸ್ಪತ್ರೆಯಿಂದ ಬಂದ ಮೇಲೆ ಲೆಕ್ಕ ಇಡೋದು ಅಂಗನವಾಡಿ. ಇದರ ಬೇರೂ ಪಕ್ಕದಲ್ಲೇ ಇದೆ. 1975ರ ಅಕ್ಟೋಬರ್ 2ಕ್ಕೆ ದೇಶದಲ್ಲಿ 33 ಕಡೆ ಈ ಯೋಜನೆ ಪ್ರಯೋಗಕ್ಕೆ ಶುರುವಾದಾಗ, ಕರ್ನಾಟಕದಲ್ಲಿ ಆರಿಸಿದ್ದು ನಮ್ಮ ಟಿ. ನರಸೀಪುರವನ್ನೇ. ನೂರು ಅಂಗನವಾಡಿಯಿಂದ ಹೊರಟದ್ದು ಇವತ್ತು ಊರೂರಲ್ಲಿದೆ. ಮಿಷನ್ ಆಸ್ಪತ್ರೆಗೆ ಹೋದೋರಿಗೆ ಸಿಕ್ತಿದ್ದ ತಕ್ಕಡಿ ಹಿಂಗೆ ಬೀದಿಬೀದಿಗೆ ಬಂತು. ಅಲ್ಲಿ ಒಂದು ಸಲದ ತೂಕಕ್ಕಿಂತ, ತಿಂಗಳಿಂದ ತಿಂಗಳಿಗೆ ಗೆರೆ ಮೇಲಕ್ಕೆ ಹೋಗ್ತಾ ಇದೆಯಾ ಅನ್ನೋದೇ ಮುಖ್ಯ.

ನಮ್ಮನೆ ಕೂಸು 31 ವಾರಕ್ಕೆ ಹುಟ್ಟಿದ್ದು, ಒಂಬತ್ತು ವಾರ ಮುಂಚೆ. ಈಗ 17 ತಿಂಗಳು. ಎರಡು ತಿಂಗಳು ಕಳೆದ್ರೆ 15. ಗೋಡೆ ಹಿಡ್ಕಂಡು ಹೆಜ್ಜೆ ಹಾಕ್ತಾಳೆ. ಹದಿನೈದಕ್ಕೆ ಅದು ಸರಿಯಾಗೇ ಇದೆ. ಡಾಕ್ಟರುಗಳು ಎರಡು ವರ್ಷದವರೆಗೂ ಹಿಂಗೇ ಕಳೆದು ನೋಡಿ ಅಂತಾರೆ. ಚುಚ್ಚುಮದ್ದಿಗೆ ಮಾತ್ರ ಕಳೆಯಂಗಿಲ್ಲ, ಅದು ಹುಟ್ಟಿದ ದಿನದ ಲೆಕ್ಕವೇ.

ದಿನದ ಬಾಳು ಅಂದ್ರೆ ಇಷ್ಟೇ. ಬೆಳಿಗ್ಗೆ ಕಬ್ಬಿಣದ ಹನಿ ಔಷಧಿ, ಬಾಯಿ ಮುಚ್ಕಂಡು ಮುಖ ತಿರುಗಿಸೋದು, ಮತ್ತೆ ಓಲೈಸೋದು. ಅನ್ನ ವಸಿ ದಪ್ಪ ಆದ್ರೆ ಒಕ್ಕರಿಸ್ತಾಳೆ, ಅದಕ್ಕೆ ರಾಗಿ ಸರಿಯಿಂದ ಮೆತ್ತನ್ನಕ್ಕೆ ಮೆಲ್ಲಗೆ ಏರಿಸ್ತಾ ಇದೀವಿ. ಒಂದು ಬಟ್ಟಲಿಗೆ ಮುಕ್ಕಾಲು ಗಂಟೆ. ಗಾಲಿ ವಾಕರ್ ಬೇಡ ಅಂದಿದ್ದಾರೆ, ಚಾಪೆ ಹಾಸಿ ನೆಲಕ್ಕೇ ಬಿಡ್ತೀವಿ. ಯಾರಿಗಾದ್ರೂ ನೆಗಡಿ ಇದ್ರೆ ಕೂಸ ಕೊಡಲ್ಲ. ನಂಜನಗೂಡಿನ ದೊಡ್ಡ ಜಾತ್ರೆಗೂ ಈ ಸಲ ಕರ್ಕಂಡು ಹೋಗ್ಲಿಲ್ಲ. "ಸೊಕ್ಕು" ಅಂದ್ಕಂಡೋರಿದ್ರೆ, ಅದು ಸೊಕ್ಕಲ್ಲ ಕಣ್ರವ್ವ. ಆ ಎದೆಗೂಡು ಎರಡು ತಿಂಗಳು ಸಾಲ ಇಟ್ಕಂಡು ಹುಟ್ಟಿದೆ.

ನಮ್ಮ ದೇಶದಲ್ಲಿ 2020ರಲ್ಲಿ ಹಿಂಗೆ ಬೇಗ ಹುಟ್ಟಿದ ಕೂಸುಗಳೇ ಸುಮಾರು 30 ಲಕ್ಷ. ಅಂದ್ಮೇಲೆ ನಿಮ್ಮ ಓರಗಿತ್ತೀರಲ್ಲೋ ನಾದಿನೀರಲ್ಲೋ ಒಬ್ಬಳಾದ್ರೂ ಇರ್ತಾಳೆ. ಅವಳ ಕೂಸ ನಿಮ್ಮ ಮನೆ ಕೂಸಿನ ಪಕ್ಕ ಕೂರಿಸಿ ಅಳತೆ ಮಾಡಬೇಡಿ. ಕಳೆದು ಎಣಿಸಿದ ಮೇಲೂ 18 ತಿಂಗಳಿಗೆ ನಡೀಲಿಲ್ಲ, ಕರೆದ್ರೆ ತಿರುಗಲ್ಲ ಅಂದ್ರೆ ಡಾಕ್ಟರ ಹತ್ರ ಜೊತೇಲಿ ಹೋಗಿ. ಅಲ್ಲೀವರೆಗೂ "ಎಷ್ಟು ತಿಂಗಳು?" ಅಂತ ಕೇಳಿದ್ರೆ, ಅವಳು ಹೇಳೋ ಎರಡು ವಯಸ್ಸಲ್ಲಿ ಚಿಕ್ಕದನ್ನೇ ನಂಬಿ.