ರಸ್ತೆ ಸಂಚಾರ ಹಾಗೂ ಡ್ರ್ಯಾಗ್ ಸ್ಪರ್ಧೆ ಎರಡಕ್ಕೂ ಬಳಸುವ ಕಾರುಗಳಿಗೆ ಸಸ್ಪೆನ್ಷನ್ ಸ್ಪ್ರಿಂಗ್‌ಗಳ ಆಯ್ಕೆ

ವಾಹನ ಮಾಲೀಕರ ಹಾಗೂ ಸಾರ್ವಜನಿಕರ ಮಾಹಿತಿಗಾಗಿ

1. ಪೀಠಿಕೆ

ನೇರವಾದ ಪಟ್ಟಿಯ ಮೇಲೆ ನಿಂತ ಸ್ಥಿತಿಯಿಂದ ಹೊರಟು ನಿಗದಿತ ದೂರವನ್ನು ಅತ್ಯಲ್ಪ ಕಾಲದಲ್ಲಿ ಕ್ರಮಿಸುವ ಸ್ಪರ್ಧೆಗೆ ಡ್ರ್ಯಾಗ್ ಸ್ಪರ್ಧೆ ಎಂದು ಹೆಸರು. ಇದರ ರೂಢಿಯ ದೂರ ಕಾಲು ಮೈಲಿ, ಅಂದರೆ ಸುಮಾರು 402 ಮೀಟರ್. ಅಮೆರಿಕದಲ್ಲಿ 1951ರಲ್ಲಿ ರಾಷ್ಟ್ರೀಯ ಹಾಟ್ ರಾಡ್ ಸಂಘ ಸ್ಥಾಪನೆಯಾದ ನಂತರ ಈ ಕ್ರೀಡೆಯು ನಿಯಮಬದ್ಧ ರೂಪ ಪಡೆಯಿತು. ಭಾರತದಲ್ಲಿ ಮಹಾರಾಷ್ಟ್ರದ ಆಂಬಿ ವ್ಯಾಲಿಯಂತಹ ವಿಮಾನ ಓಡುದಾರಿಗಳ ಮೇಲೆ ಇಂತಹ ಸ್ಪರ್ಧೆಗಳು ನಡೆದಿವೆ.

ದಿನನಿತ್ಯ ರಸ್ತೆಯಲ್ಲಿ ಓಡಿಸುವ ಕಾರನ್ನೇ ಸ್ಪರ್ಧೆಗೂ ಕೊಂಡೊಯ್ಯುವ ಮಾಲೀಕರು ಮೊದಲಿಗೆ ಬದಲಾಯಿಸಲು ಬಯಸುವ ಭಾಗಗಳಲ್ಲಿ ಸ್ಪ್ರಿಂಗ್ ಒಂದಾಗಿರುತ್ತದೆ. ಸ್ಪರ್ಧೆಯ ಆರಂಭದಲ್ಲಿ ನೆರವಾಗುವ ಸ್ಪ್ರಿಂಗ್, ರಸ್ತೆಯಲ್ಲಿ ಬ್ರೇಕ್ ಹಾಕುವಾಗ ಅಪಾಯ ತರಬಹುದು. ಆದ್ದರಿಂದ ಆಯ್ಕೆಗೆ ಮುನ್ನ ಲೆಕ್ಕ ಹಾಕುವುದು ಅವಶ್ಯವಾಗಿರುತ್ತದೆ.

2. ಭಾರದ ವರ್ಗಾವಣೆ

ಕಾರು ವೇಗೋತ್ಕರ್ಷಗೊಂಡಾಗ ಮುಂದಿನ ಚಕ್ರಗಳ ಮೇಲಿನ ಭಾರದ ಒಂದಂಶ ಹಿಂದಿನ ಚಕ್ರಗಳಿಗೆ ವರ್ಗವಾಗುತ್ತದೆ. ಈ ಭಾರವು ಕಾರಿನ ತೂಕ, ವೇಗೋತ್ಕರ್ಷ, ಗುರುತ್ವ ಕೇಂದ್ರದ ಎತ್ತರ ಹಾಗೂ ಮುಂದಿನ-ಹಿಂದಿನ ಚಕ್ರಗಳ ನಡುವಿನ ಅಂತರ ಇವುಗಳನ್ನು ಮಾತ್ರ ಅವಲಂಬಿಸಿದೆ. ಉದಾಹರಣೆಗೆ, 1500 ಕೆ.ಜಿ. ತೂಕದ, ಗುರುತ್ವ ಕೇಂದ್ರವು 54 ಸೆಂ.ಮೀ. ಎತ್ತರದಲ್ಲಿರುವ, ಚಕ್ರಾಂತರ 2.7 ಮೀಟರ್ ಇರುವ ಕಾರು ಗುರುತ್ವದ 0.6 ಪಟ್ಟು ವೇಗೋತ್ಕರ್ಷ ಪಡೆದರೆ 180 ಕೆ.ಜಿ. ಭಾರ ಹಿಂದಕ್ಕೆ ಸರಿಯುತ್ತದೆ.

ಮೆದು ಸ್ಪ್ರಿಂಗ್ ಹಾಕಿದರೆ ಹೆಚ್ಚು ಭಾರ ಹಿಂದಕ್ಕೆ ಹೋಗುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಮುಂಭಾಗ ಮೇಲೇಳುವುದರಿಂದ ಗುರುತ್ವ ಕೇಂದ್ರವು ಸ್ವಲ್ಪ ಎತ್ತರಗೊಳ್ಳುವುದನ್ನು ಬಿಟ್ಟರೆ ಇದು ಸರಿಯಲ್ಲ. ಸ್ಪ್ರಿಂಗ್ ಹಾಗೂ ಶಾಕ್ ಅಬ್ಸಾರ್ಬರ್‌ಗಳು ನಿರ್ಧರಿಸುವುದು ಕಾರಿನ ದೇಹ ಎಷ್ಟು ಏಳಬೇಕು ಮತ್ತು ಎಷ್ಟು ಶೀಘ್ರವಾಗಿ ಏಳಬೇಕು ಎಂಬುದನ್ನು ಮಾತ್ರ.

3. ಬಿಗಿತದ ಲೆಕ್ಕ

ಸ್ಪ್ರಿಂಗ್ ಒಂದು ಮಿ.ಮೀ. ಕುಗ್ಗಲು ಬೇಕಾಗುವ ಬಲವೇ ಅದರ ಬಿಗಿತ. ಚಕ್ರದ ಬಳಿ ದೊರೆಯುವ ಬಿಗಿತ ಬೇರೆ. ಚಕ್ರವು 10 ಮಿ.ಮೀ. ಚಲಿಸಿದಾಗ ಸ್ಪ್ರಿಂಗ್ 6 ಮಿ.ಮೀ. ಕುಗ್ಗುವುದಾದರೆ, ಚಕ್ರದ ಬಳಿಯ ಬಿಗಿತವು ಸ್ಪ್ರಿಂಗ್‌ನ ಬಿಗಿತದ 0.36 ಪಟ್ಟು ಮಾತ್ರ ಇರುತ್ತದೆ.

ಮೇಲಿನ ಕಾರಿನ ಒಂದು ಮುಂದಿನ ಚಕ್ರದ ಸ್ಪ್ರಿಂಗ್ ಹೊರುವ ದೇಹಭಾಗದ ತೂಕ 360 ಕೆ.ಜಿ. ಎಂದಿಟ್ಟುಕೊಳ್ಳೋಣ. ದೇಹವು ಸೆಕೆಂಡಿಗೆ 1.2 ಬಾರಿ ತೂಗುವಂತಿರಬೇಕಾದರೆ ಚಕ್ರದ ಬಳಿ ಮಿ.ಮೀ.ಗೆ 20.5 ನ್ಯೂಟನ್, ಸ್ಪ್ರಿಂಗ್‌ನಲ್ಲಿ ಸುಮಾರು 57 ನ್ಯೂಟನ್ ಬಿಗಿತ ಬೇಕು. ಸೆಕೆಂಡಿಗೆ 1 ಬಾರಿ ಎಂದಾದರೆ ಇವು ಕ್ರಮವಾಗಿ 14.2 ಹಾಗೂ 39.5 ನ್ಯೂಟನ್ ಆಗುತ್ತವೆ. ಮೆದು ಸ್ಪ್ರಿಂಗ್ ಕಾರಿನ ಭಾರಕ್ಕೆ 46 ಮಿ.ಮೀ. ಹೆಚ್ಚು ಕುಗ್ಗುವುದರಿಂದ, ಕಾರು ಅದೇ ಎತ್ತರದಲ್ಲಿ ನಿಲ್ಲಬೇಕಾದರೆ ಅದು ಅಷ್ಟೇ ಹೆಚ್ಚು ಉದ್ದವಿರತಕ್ಕದ್ದು.

4. ಬ್ರೇಕ್ ಹಾಕುವಾಗಿನ ಸ್ಥಿತಿ

ಸಸ್ಪೆನ್ಷನ್ ತೋಳುಗಳ ವಿನ್ಯಾಸದ ಪರಿಣಾಮವನ್ನು ಬದಿಗಿಟ್ಟರೆ, ಹೊರಡುವಾಗ ಮೊದಲ ಸ್ಪ್ರಿಂಗ್‌ನಿಂದ ಮುಂಭಾಗ 43 ಮಿ.ಮೀ., ಮೆದು ಸ್ಪ್ರಿಂಗ್‌ನಿಂದ 62 ಮಿ.ಮೀ. ಏಳುತ್ತದೆ. ಸ್ಪರ್ಧಿಗಳು ಬಯಸುವುದು ಇದನ್ನೇ. ಆದರೆ ಗುರುತ್ವದ 0.8 ಪಟ್ಟು ಬ್ರೇಕ್ ಹಾಕಿದಾಗ 240 ಕೆ.ಜಿ. ಭಾರ ಮುಂದಕ್ಕೆ ಬರುತ್ತದೆ. ಆಗ ಮುಂಭಾಗವು ಮೊದಲನೆಯದರಲ್ಲಿ 57 ಮಿ.ಮೀ., ಎರಡನೆಯದರಲ್ಲಿ 83 ಮಿ.ಮೀ. ಕುಸಿಯುತ್ತದೆ. ಚಕ್ರವು ಮೇಲಕ್ಕೆ ಚಲಿಸಲು ಇರುವ ಅವಕಾಶ 75 ಮಿ.ಮೀ. ಆಗಿದ್ದಲ್ಲಿ, ಎರಡನೆಯ ಕಾರು ಸಮತಟ್ಟಾದ ರಸ್ತೆಯಲ್ಲಿಯೇ ರಬ್ಬರ್ ತಡೆಗೆ ಬಡಿಯುತ್ತದೆ. ಅದೇ ಕ್ಷಣದಲ್ಲಿ ಒಂದು ಹಳ್ಳ ಎದುರಾದರೆ ಆಘಾತವನ್ನು ಹೀರಲು ಸ್ಪ್ರಿಂಗ್‌ನಲ್ಲಿ ಏನೂ ಉಳಿದಿರುವುದಿಲ್ಲ. ಚಕ್ರದ ಹಿಡಿತ ತಪ್ಪುವ ಸಂಭವವಿರುತ್ತದೆ.

ಆದುದರಿಂದ ಎರಡೂ ಉಪಯೋಗದ ಕಾರಿಗೆ ಸ್ಪ್ರಿಂಗ್‌ನ ಬಿಗಿತವನ್ನು ರಸ್ತೆಯ ಬ್ರೇಕ್ ಹಾಗೂ ಹಳ್ಳಗಳಿಗೆ ಅನುಗುಣವಾಗಿ ನಿರ್ಧರಿಸಿ, ಸ್ಪರ್ಧೆಯ ಅಗತ್ಯವನ್ನು ಹೊಂದಿಸಬಹುದಾದ ಶಾಕ್ ಅಬ್ಸಾರ್ಬರ್‌ಗಳಿಂದ ಪೂರೈಸಿಕೊಳ್ಳುವುದು ಸೂಕ್ತ. ಪಟ್ಟಿಯ ಮೇಲೆ ಅದರ ಹಿಗ್ಗುವಿಕೆಯ ತಡೆಯನ್ನು ಸಡಿಲಿಸಿ, ಮರಳಿ ರಸ್ತೆಗೆ ಇಳಿಯುವ ಮುನ್ನ ಪುನಃ ಬಿಗಿಗೊಳಿಸತಕ್ಕದ್ದು. ಹಿಗ್ಗುವಾಗ ಬಹುತೇಕ ತಡೆಯೇ ಇಲ್ಲದಂತೆ ಸ್ಪರ್ಧೆಗೆಂದೇ ತಯಾರಿಸಿದವು ರಸ್ತೆಗೆ ಯೋಗ್ಯವಲ್ಲ.

5. ಹಿಂಭಾಗದ ಸ್ಪ್ರಿಂಗ್‌ಗಳು

ಹಿಂಚಕ್ರ ಚಾಲನೆಯ, ಇಡಿಯಾದ ಅಚ್ಚು ಇರುವ ಕಾರುಗಳಲ್ಲಿ ಚಾಲನಾ ದಂಡದ ತಿರುಚು ಬಲವು ಸಾಮಾನ್ಯವಾಗಿ ಬಲ ಹಿಂಚಕ್ರವನ್ನು ನೆಲದಿಂದ ಎತ್ತಲು ಯತ್ನಿಸುತ್ತದೆ. ಇದಕ್ಕಾಗಿ ಅಮೆರಿಕದ ಕ್ರೈಸ್ಲರ್ ಸಂಸ್ಥೆಯು 1960ರ ದಶಕದಲ್ಲಿ ಎಡಕ್ಕೂ ಬಲಕ್ಕೂ ಭಿನ್ನವಾದ ಪಟ್ಟೆ ಸ್ಪ್ರಿಂಗ್‌ಗಳನ್ನು ಒದಗಿಸಿತ್ತು. ಬಲ ಸುರುಳಿಯೊಳಗೆ ಗಾಳಿಚೀಲ ಇಡುವುದು ಇನ್ನೊಂದು ವಿಧಾನ. ರಸ್ತೆ ಸಂಚಾರದ ವೇಳೆ ಅದರ ಒತ್ತಡವನ್ನು ಇಳಿಸತಕ್ಕದ್ದು. ಇಲ್ಲವಾದಲ್ಲಿ ಎಡ ಹಾಗೂ ಬಲ ತಿರುವುಗಳಲ್ಲಿ ಕಾರಿನ ವರ್ತನೆ ಬೇರೆಬೇರೆಯಾಗುತ್ತದೆ.

ಭಾರತದ ಬಹುಪಾಲು ಸಣ್ಣ ಕಾರುಗಳು ಮುಂಚಕ್ರ ಚಾಲನೆಯವು. ಇವುಗಳಲ್ಲಿ ವರ್ಗವಾಗುವ ಭಾರವು ಎಳೆಯುವ ಚಕ್ರಗಳನ್ನೇ ಹಗುರಗೊಳಿಸುವುದರಿಂದ ಮುಂಭಾಗದ ಮೆದು ಸ್ಪ್ರಿಂಗ್‌ನಿಂದ ಪ್ರಯೋಜನವಿಲ್ಲ. ಹಿಂಭಾಗವನ್ನು ಬಿಗಿಗೊಳಿಸಿದರೆ ಕುಸಿತ ಕಡಿಮೆಯಾದರೂ, ವರ್ಗವಾಗುವ ಭಾರ ಬಹುತೇಕ ಅಷ್ಟೇ ಇರುತ್ತದೆ. ಮಿತಿಮೀರಿ ಬಿಗಿಗೊಳಿಸಿದಲ್ಲಿ ಮಳೆಯಲ್ಲಿ ತಿರುಗುವಾಗ ಹಿಂಭಾಗ ಜಾರಬಹುದು.

6. ಸ್ಪ್ರಿಂಗ್ ಕತ್ತರಿಸುವುದರ ಅಪಾಯ

ಖರ್ಚು ಉಳಿಸಲು ಸುರುಳಿ ಕತ್ತರಿಸುವ ಅಥವಾ ಕಾಯಿಸಿ ತಗ್ಗಿಸುವ ರೂಢಿಯಿದೆ. ಎಂಟು ಸಕ್ರಿಯ ಸುತ್ತುಗಳಲ್ಲಿ ಒಂದನ್ನು ಕತ್ತರಿಸಿದರೆ ಬಿಗಿತ ಶೇ. 14ರಷ್ಟು ಹೆಚ್ಚುತ್ತದೆ, ಉದ್ದ ಕಡಿಮೆಯಾಗುತ್ತದೆ. ಚಕ್ರವು ಪೂರ್ಣ ಕೆಳಗಿಳಿದಾಗ ಗಿಡ್ಡ ಸ್ಪ್ರಿಂಗ್ ತನ್ನ ಆಸನದಿಂದ ಕಳಚಬಹುದು. ಕಾಯಿಸಿದ ಉಕ್ಕು ಹದ ಕಳೆದುಕೊಂಡು ಕ್ರಮೇಣ ಕುಗ್ಗುತ್ತದೆ ಅಥವಾ ಮುರಿಯುತ್ತದೆ. ಭಾರತೀಯ ರಸ್ತೆ ಕಾಂಗ್ರೆಸ್‌ನ ಮಾನದಂಡದ ರಸ್ತೆ ಉಬ್ಬು 10 ಸೆಂ.ಮೀ. ಎತ್ತರವಿದ್ದು, ತಗ್ಗಿಸಿದ ಕಾರಿನ ತಳ ಅದಕ್ಕೆ ತಗಲುವ ಸಾಧ್ಯತೆಯೂ ಉಂಟು.

7. ಕಾನೂನಿನ ಅಂಶಗಳು

ಮೋಟಾರು ವಾಹನಗಳ ಅಧಿನಿಯಮ, 1988ರ ಪ್ರಕರಣ 52 ವಾಹನಗಳ ಮಾರ್ಪಾಡನ್ನು ನಿಯಂತ್ರಿಸುತ್ತದೆ. ತಯಾರಕರ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ತೀರ್ಪು ನೀಡಿದೆ. 2019ರ ತಿದ್ದುಪಡಿಯ ಮೂಲಕ ಸೇರಿಸಲಾದ ಪ್ರಕರಣ 182ಎ ಅನ್ವಯ, ಅನುಮತಿಯಿಲ್ಲದ ಮಾರ್ಪಾಡಿಗೆ ಆರು ತಿಂಗಳವರೆಗೆ ಕಾರಾವಾಸ ಅಥವಾ ಪ್ರತಿ ಮಾರ್ಪಾಡಿಗೆ ರೂ. 5,000 ದಂಡ ಅಥವಾ ಎರಡನ್ನೂ ವಿಧಿಸಬಹುದು. ರಾಜ್ಯ ಸರ್ಕಾರದ ಲಿಖಿತ ಸಮ್ಮತಿಯಿಲ್ಲದೆ ಸಾರ್ವಜನಿಕ ಸ್ಥಳದಲ್ಲಿ ವೇಗದ ಸ್ಪರ್ಧೆ ನಡೆಸುವುದು ಪ್ರಕರಣ 189ರ ಅಡಿ ಅಪರಾಧವಾಗಿದೆ.

8. ಮಾಲೀಕರಿಗೆ ಸೂಚನೆಗಳು

(ಅ) ಪ್ರತಿ ಚಕ್ರದ ಮೇಲಿನ ಭಾರವನ್ನು ತೂಗಿಸಿದ ನಂತರವೇ ಸ್ಪ್ರಿಂಗ್ ಆರಿಸುವುದು.
(ಆ) ಯಾವುದೇ ಬದಲಾವಣೆಗೆ ಮುನ್ನ ಪ್ರಾದೇಶಿಕ ಸಾರಿಗೆ ಕಛೇರಿಯಲ್ಲಿ ವಿಚಾರಿಸುವುದು ಹಾಗೂ ವಿಮಾ ಸಂಸ್ಥೆಗೆ ತಿಳಿಸುವುದು.
(ಇ) ಸ್ಪ್ರಿಂಗ್ ಅದುಮುವ ಸಾಧನವಿಲ್ಲದೆ ಬಿಚ್ಚದಿರುವುದು. ಮೇಲಿನ ಉದಾಹರಣೆಯ ಸ್ಪ್ರಿಂಗ್ 600 ಕೆ.ಜಿ. ತೂಕಕ್ಕೆ ಸಮನಾದ ಬಲವನ್ನು ತಡೆದುಕೊಂಡಿರುತ್ತದೆ.
(ಈ) ಸ್ಪ್ರಿಂಗ್‌ಗಳನ್ನು ಜೋಡಿಯಾಗಿಯೇ ಬದಲಾಯಿಸಿ, ನಂತರ ಚಕ್ರಗಳ ಜೋಡಣೆ ಹಾಗೂ ಹೆಡ್‌ಲೈಟ್‌ಗಳ ದಿಕ್ಕನ್ನು ಪರೀಕ್ಷಿಸುವುದು.
(ಉ) ಮೂಲ ಸ್ಪ್ರಿಂಗ್‌ಗಳನ್ನು ಕಾಯ್ದಿರಿಸುವುದು.

ಸ್ಪರ್ಧೆಯಲ್ಲಿ ಗಳಿಸುವ ಸೆಕೆಂಡಿನ ಅಲ್ಪ ಭಾಗಕ್ಕಿಂತ, ರಸ್ತೆಯಲ್ಲಿ ಎದುರಿಗೆ ಬಂದ ಪಾದಚಾರಿಯ ಮುಂದೆ ಕಾರು ನಿಲ್ಲುವುದು ಮುಖ್ಯವೆಂಬುದನ್ನು ಮಾಲೀಕರು ಗಮನಿಸಲು ಕೋರಲಾಗಿದೆ.